ಮನೆಯ ಮಗ್ಗಕ್ಕೆ ಬಣ್ಣದ ನೂಲು: ಬಂಗಾರಪೇಟೆ ಸೀಮೆಯ ನೀರಿನಲ್ಲಿ ಬಣ್ಣ ಕಟ್ಟುವ ಕ್ರಮ

ಬೆಳೆದ ಪದಾರ್ಥವನ್ನು ಹಾಗೆಯೇ ಮಾರುವುದಕ್ಕಿಂತ, ಅದಕ್ಕೆ ಮನೆಯಲ್ಲಿಯೇ ಒಂದು ರೂಪವನ್ನು ಕೊಟ್ಟು ಮಾರಿದರೆ ಹೆಚ್ಚು ಕಾಸು ಕೈಸೇರುವುದೆಂಬುದು ರೈತರೆಲ್ಲರೂ ಬಲ್ಲ ವಿಷಯ. ಕೋಲಾರ ಜಿಲ್ಲೆಯಲ್ಲಿ ರೇಷ್ಮೆಗೂಡು ಬೆಳೆಯುತ್ತದೆ, ಚೆಂಡುಹೂ ಬೆಳೆಯುತ್ತದೆ, ದಾಳಿಂಬೆ ಬೆಳೆಯುತ್ತದೆ, ತಂಗಡಿಯ ಗಿಡವು ಯಾರೂ ಬಿತ್ತದೆಯೇ ಬೀಳುಭೂಮಿಯಲ್ಲಿ ಹೂಬಿಟ್ಟು ನಿಲ್ಲುತ್ತದೆ. ನೂಲೂ ಬಣ್ಣವೂ ಹೀಗೆ ಒಂದೇ ಸೀಮೆಯಲ್ಲಿ ದೊರೆಯುವುದರಿಂದ, ಮನೆಯಲ್ಲಿ ಒಂದು ಸಣ್ಣ ಮಗ್ಗವನ್ನಿಟ್ಟುಕೊಂಡು ಬಣ್ಣದ ಬಟ್ಟೆಯನ್ನು ನೇಯುವ ಕಸುಬು ಇಲ್ಲಿಗೆ ಒಗ್ಗತಕ್ಕದ್ದಾಗಿದೆ. ಆದರೆ ಈ ಕಸುಬಿಗೆ ಬೇಕಾದ ಮೂರನೆಯ ಪದಾರ್ಥವೊಂದುಂಟು. ಅದೇ ನೀರು. ಅದರ ಗುಣವನ್ನು ತಿಳಿಯದೆ ಬಣ್ಣಕ್ಕೆ ಕೈಹಾಕಿದವರಿಗೆ ನಷ್ಟವೇ ಗತಿಯೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಕಸುಬಿನ ಅವಶ್ಯಕತೆ

ಕೋಲಾರ ಚಿನ್ನದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಕಂಪೆನಿಯವರು ಕೆಲಸವನ್ನು ನಡೆಯಿಸಿದರು. 1902ರಲ್ಲಿ ಶಿವನಸಮುದ್ರದಿಂದ ಈ ಗಣಿಗಳಿಗೆ ವಿದ್ಯುಚ್ಛಕ್ತಿ ಬಂದಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ಕಡೆಗೆ 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಈ ಸೀಮೆಯ ಸಾವಿರಾರು ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಮಕ್ಕಳನ್ನೂ ವೃದ್ಧರನ್ನೂ ಬಿಟ್ಟು ಹೀಗೆ ಹೋಗಲಾರದ ಹೆಂಗಸರಿಗೆ ಮನೆಯೊಳಗೇ ಒಂದು ಆದಾಯವಾದರೆ ಅದು ಸಣ್ಣ ಉಪಕಾರವಲ್ಲ. ಇಂಥ ಮನೆಗಳಲ್ಲಿ ಒಂದು ಸಲದ ನಷ್ಟವೂ ಭಾರಿಯೇ. ಆದುದರಿಂದ ಕಲಿಸುವವರ ಹೊಣೆಯೂ ಭಾರಿಯಾದುದು.

ನನ್ನದೊಂದು ತಪ್ಪು

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಬಂಗಾರಪೇಟೆಗೆ ಸಮೀಪದ ಒಂದು ಮನೆಯಲ್ಲಿ ತಾಯಿ ಮಗಳಿಬ್ಬರಿಗೆ ಚೆಂಡುಹೂವಿನಿಂದ ರೇಷ್ಮೆಗೆ ಹಳದಿ ಕಟ್ಟುವ ಕ್ರಮವನ್ನು ನಾನೇ ಹೇಳಿಕೊಟ್ಟೆನು. ಆ ಕ್ರಮವನ್ನು ನಾನು ಕಲಿತದ್ದು ಮಲೆನಾಡಿನ ಒಂದು ಊರಿನಲ್ಲಿ, ಹಳ್ಳದ ಮೆದು ನೀರಿನಲ್ಲಿ. ಇಲ್ಲಿಯ ನೀರು ಎಂತಹುದೆಂದು ನಾನು ಕೇಳಲಿಲ್ಲ. ಅವರು ಕೊಳವೆ ಬಾವಿಯ ನೀರಿನಲ್ಲಿ, ಒಂದು ಮದುವೆಯ ಮನೆಗಾಗಿ ಒಪ್ಪಿಕೊಂಡಿದ್ದ ಎರಡು ಸೀರೆಗಳ ನೂಲಿಗೆ ಬಣ್ಣವನ್ನು ಕಟ್ಟಿದರು. ಹೊಂಬಣ್ಣವಾಗಬೇಕಾಗಿದ್ದ ನೂಲು ಪಾಚಿಯ ಬಣ್ಣಕ್ಕೆ ತಿರುಗಿತು. ಹಾಗಿದ್ದರೂ ನೇಯ್ದು ಕೊಟ್ಟ ಸೀರೆಯು ಉಟ್ಟವರ ರವಿಕೆಗೆ ಬಣ್ಣವನ್ನು ಬಿಟ್ಟಿತು. ಸೀರೆಗಳು ಹಿಂದಕ್ಕೆ ಬಂದವು.

"ನೀವು ಹೇಳಿದ ತೂಕದಲ್ಲಿ ಒಂದು ಗುಂಜಿಯೂ ತಪ್ಪಿಸಲಿಲ್ಲ, ಸ್ವಾಮಿ. ಹೂವು ಕೆಟ್ಟದ್ದೋ, ನಮ್ಮ ಕೈ ಕೆಟ್ಟದ್ದೋ?" ಎಂದು ಆ ತಾಯಿ ಕೇಳಿದರು. ಹೂವೂ ಕೆಟ್ಟುದಲ್ಲ, ಕೈಯೂ ಕೆಟ್ಟುದಲ್ಲ. ಹೇಳಿಕೊಟ್ಟವನ ಪಾಠವು ಅರ್ಧವಾಗಿತ್ತು. ಉಳಿದ ಅರ್ಧವನ್ನು ಆ ಮನೆಯ ಹಿತ್ತಲಿನಲ್ಲಿಯೇ, ಆ ನೀರನ್ನೇ ಪರೀಕ್ಷಿಸಿ ಕಲಿತೆನು. ಅದನ್ನು ಇಲ್ಲಿ ಬರೆದಿದ್ದೇನೆ.

ನೀರು ಬಣ್ಣವನ್ನು ಕೆಡಿಸುವ ಬಗೆ

ಸಸ್ಯಗಳ ಬಣ್ಣಗಳಲ್ಲಿ ಬಹುಭಾಗವು ತಾವಾಗಿಯೇ ನೂಲಿಗೆ ಅಂಟುವುದಿಲ್ಲ. ನಡುವೆ ಒಂದು ಲವಣವಿದ್ದರೆ ಅದು ಒಂದು ಕೈಯಿಂದ ನೂಲನ್ನೂ ಇನ್ನೊಂದು ಕೈಯಿಂದ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಇದಕ್ಕೆ ಬಣ್ಣ ಕಚ್ಚಿಸುವ ವಸ್ತುವೆಂದು ಹೆಸರು. ಮನೆಯ ಕೆಲಸಕ್ಕೆ ಪಟಿಕವೇ ಉತ್ತಮವಾದುದು.

ಕದಡಿದ ನೀರಿನ ಕೊಡದಲ್ಲಿ ಪಟಿಕದ ತುಂಡನ್ನು ತಿರುವಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ನಡೆಯುವುದೇನೆಂದರೆ, ನೀರಿನಲ್ಲಿರುವ ಕ್ಷಾರದೊಡನೆ ಪಟಿಕವು ಸೇರಿ, ಹಿಂಜಿದ ಅರಳೆಯಂತಹ ಬಿಳಿಯ ಗಸಿಯಾಗಿ, ಕೆಸರನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. ಕುಡಿಯುವ ನೀರಿಗೆ ಇದು ಉಪಕಾರ. ಬಣ್ಣದ ಕೆಲಸಕ್ಕೆ ಅಪಕಾರ. ಹೇಗೆಂದರೆ, ಗಡಸು ನೀರಿನಲ್ಲಿ ಪಟಿಕವು ನೂಲಿನ ಒಳಹೊಗುವ ಮೊದಲೇ ಗಸಿಯಾಗಿ ನೂಲಿನ ಮೇಲೆ ಕೂರುತ್ತದೆ. ಬಣ್ಣವು ಆ ಗಸಿಯನ್ನೇ ಹಿಡಿದುಕೊಳ್ಳುತ್ತದೆ. ಉಜ್ಜಿದರೆ ಗಸಿಯೂ ಬಣ್ಣವೂ ಜೊತೆಯಾಗಿ ಉದುರುತ್ತವೆ. ಆ ರವಿಕೆಗೆ ಹತ್ತಿದ ಬಣ್ಣದ ರಹಸ್ಯವಿದೇ.

ಎರಡನೆಯ ಶತ್ರು ಕಬ್ಬಿಣ. ಆಳದ ನೀರಿನಲ್ಲಿ ಕರಗಿದ ಕಬ್ಬಿಣವು ಕಣ್ಣಿಗೆ ಕಾಣಿಸದು. ಚೆಂಡುಹೂವಿನ ಹಳದಿಯೊಡನೆ ಸೇರಿದರೆ ಮಾತ್ರ ಪಾಚಿಯ ಬಣ್ಣವಾಗಿ ತೋರಿಕೊಳ್ಳುತ್ತದೆ. ಮೂರನೆಯದಾಗಿ, ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಜಿಡ್ಡುಜಿಡ್ಡಾದ ಕೆನೆಗಟ್ಟಿ ರೇಷ್ಮೆಗೆ ಅಂಟುತ್ತದೆ. ಅಂಟಿದ ಕಡೆ ಬಣ್ಣವು ಹತ್ತದೆ ಕಲೆಗಳಾಗುತ್ತವೆ.

ಜಿಲ್ಲೆಯ ಅನೇಕ ಕಡೆಗಳಲ್ಲಿ ಕೊಳವೆ ಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದಿವೆ. ಆಳದ ಬಂಡೆಗಳ ನಡುವೆ ಬಹುಕಾಲ ನಿಂತ ನೀರು ಸುಣ್ಣದ ಅಂಶವನ್ನೂ ಇತರ ಲವಣಗಳನ್ನೂ ಹೆಚ್ಚಾಗಿ ಕರಗಿಸಿಕೊಂಡಿರುತ್ತದೆ. ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬುವ ಏರ್ಪಾಡು 2018ರಲ್ಲಿ ಆರಂಭವಾಯಿತು; ಅದರಿಂದಲೂ ನೀರಿನ ಗುಣವು ಊರಿಂದೂರಿಗೆ ಬೇರೆಯಾಗುತ್ತದೆ. ಆದುದರಿಂದ ನೆರೆಮನೆಯವರ ಅನುಭವವನ್ನು ನಂಬದೆ, ತಾವು ಬಳಸುವ ನೀರನ್ನೇ ಪರೀಕ್ಷಿಸತಕ್ಕದ್ದು.

ಮೂರು ಸುಲಭ ಪರೀಕ್ಷೆಗಳು

1. ಸೋಪಿನ ಪರೀಕ್ಷೆ. ಎರಡು ಬಿಳಿಯ ಶೀಷೆಗಳಲ್ಲಿ, ಒಂದಕ್ಕೆ ಮಳೆಯ ನೀರನ್ನೂ ಇನ್ನೊಂದಕ್ಕೆ ಪರೀಕ್ಷಿಸಬೇಕಾದ ನೀರನ್ನೂ ಅರ್ಧದಷ್ಟು ತುಂಬಿ, ಸಮನಾಗಿ ಹೆರೆದ ಸೋಪನ್ನು ಹಾಕಿ ಕುಲುಕಬೇಕು. ನೊರೆಯು ನಿಲ್ಲದೆ ನೀರು ಮೊಸರೊಡೆದಂತಾದರೆ ಅದು ಗಡಸು ನೀರು. ಇದಕ್ಕೆ ಬಟ್ಟೆಯೊಗೆಯುವ ಪುಡಿಯನ್ನು ಬಳಸಕೂಡದು. ಅದು ಗಡಸು ನೀರಿನಲ್ಲಿಯೂ ನೊರೆಗಟ್ಟುವುದರಿಂದ ನಮ್ಮನ್ನು ಮೋಸಗೊಳಿಸುತ್ತದೆ.

2. ಅಳಲೆಕಾಯಿಯ ಪರೀಕ್ಷೆ. ಅಳಲೆಕಾಯಿಯ ಪುಡಿಯನ್ನು ಮಳೆಯ ನೀರಿನಲ್ಲಿ ಕುದಿಸಿ ಸೋಸಿ, ಒಂದು ಗಾಜಿನ ಲೋಟದ ನೀರಿಗೆ ಆ ಕಷಾಯವನ್ನು ಒಂದು ಚಮಚ ಹಾಕಿ, ಒಂದು ಗಂಟೆ ತೆರೆದಿಡಬೇಕು. ನೀಲಿಗಪ್ಪು ಛಾಯೆ ಬಂದರೆ ನೀರಿನಲ್ಲಿ ಕಬ್ಬಿಣವುಂಟು.

3. ಅರಿಸಿನದ ಪರೀಕ್ಷೆ. ಅರಿಸಿನವನ್ನು ನೀರಿನಲ್ಲಿ ಕದಡಿ, ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿಟ್ಟುಕೊಳ್ಳಬೇಕು. ಕಾಗದದ ಚೂರನ್ನು ಅದ್ದಿದಾಗ ಅದು ಕೆಂಪಾದರೆ ನೀರಿನಲ್ಲಿ ಕ್ಷಾರವು ಹೆಚ್ಚು.

ನೀರನ್ನು ತಿದ್ದುವ ಬಗೆ

ಕಬ್ಬಿಣವಿರುವ ನೀರನ್ನು ಅಗಲವಾದ ಪಾತ್ರೆಗೆ ಎತ್ತರದಿಂದ ಸುರಿದು, ಗಾಳಿಯಾಡುವಂತೆ ಒಂದು ರಾತ್ರಿ ಇಟ್ಟರೆ, ಕಬ್ಬಿಣದ ಬಹುಭಾಗವು ತುಕ್ಕಾಗಿ ತಳಕ್ಕಿಳಿಯುವುದು. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಗಡಸು ನೀರನ್ನು ಕಾಲು ಗಂಟೆ ಚೆನ್ನಾಗಿ ಕುದಿಸಿ ಆರಲು ಬಿಟ್ಟರೆ, ಗಡಸುತನದ ಒಂದು ಭಾಗವು ಪಾತ್ರೆಗೆ ಹಕ್ಕಳೆಯಾಗಿ ಹತ್ತಿಕೊಳ್ಳುವುದು. ಕುದಿಸಿದ ನೀರೂ ಅರಿಸಿನದ ಕಾಗದವನ್ನು ಕೆಂಪಾಗಿಸಿದರೆ, ಕೆಂಪು ನಿಲ್ಲುವವರೆಗೆ ಮಾತ್ರ ಸ್ವಲ್ಪಸ್ವಲ್ಪವಾಗಿ ವಿನೆಗರನ್ನು ಹಾಕಬೇಕು. ಕುದಿಸಿದರೂ ಹೋಗದ ಗಡಸುತನಕ್ಕೆ ಬಟ್ಟೆಸೋಡಾ ಹಾಕುವುದುಂಟು. ಆದರೆ ಅದು ನೂಲನ್ನು ತೊಳೆಯುವ ನೀರಿಗೆ ಮಾತ್ರ ಸಲ್ಲುತ್ತದೆ. ಪಟಿಕದ ನೀರಿಗೆ ಸೋಡಾ ಬಿದ್ದರೆ ಮೇಲೆ ಹೇಳಿದ ಗಸಿಯೇ ಆಗುವುದು.

ಇವೆಲ್ಲಕ್ಕಿಂತ ಉತ್ತಮವಾದುದು ಮಳೆಯ ನೀರು. ಅದರ ಲೆಕ್ಕವನ್ನು ನೋಡಿರಿ. 20 ಚದರ ಮೀಟರು ಮಾಳಿಗೆಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ 200 ಲೀಟರು ನೀರಾಗುತ್ತದೆ. ಮಾಳಿಗೆಯನ್ನು ತೊಳೆದು ಬರುವ ಮೊದಲ 2 ಮಿಲಿಮೀಟರಿನ ನೀರನ್ನು ಹೊರಕ್ಕೆ ಬಿಟ್ಟರೂ 160 ಲೀಟರು ಉಳಿಯುವುದು. ಒಂದು ಸೀರೆಗೆ ಬೇಕಾದ ಸುಮಾರು 500 ಗ್ರಾಂ ಕಚ್ಚಾ ರೇಷ್ಮೆಯ ಅಂಟು ತೆಗೆದು, ಪಟಿಕ ಕೊಟ್ಟು, ಬಣ್ಣ ಕಟ್ಟಿ, ತೊಳೆಯುವುದಕ್ಕೆ ಒಟ್ಟು 110ರಿಂದ 120 ಲೀಟರು ಸಾಕು. ಎಂದರೆ ಒಂದು ಒಳ್ಳೆಯ ಮಳೆಯು ಒಂದು ಸೀರೆಯ ಬಣ್ಣವನ್ನು ಉಳಿಸುತ್ತದೆ. ಎರಡು ಮುಚ್ಚಿದ ಪೀಪಾಯಿಗಳಿದ್ದರೆ ಈ ಕಸುಬಿಗೆ ಆಧಾರವಾಯಿತು.

ಚಿನ್ನದ ಗಣಿಯ ಊರಿನವರಿಗೆ ಒಂದು ವಿಶೇಷ ಎಚ್ಚರಿಕೆಯುಂಟು. ಅಲ್ಲಿ ಗುಡ್ಡಗಳಂತೆ ನಿಂತಿರುವ ಪುಡಿಯ ರಾಶಿಗಳು, ಸಯನೈಡಿನಿಂದ ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟು. ಗಾಳಿಯ ಕಾಲದಲ್ಲಿ ಈ ಹಿಟ್ಟು ಮನೆಗಳ ಮೇಲೂ ಬಟ್ಟೆಗಳ ಮೇಲೂ ಬೀಳುತ್ತದೆ. ಆದುದರಿಂದ ರಾಶಿಗಳಿಗೆ ಸಮೀಪದ ಮನೆಯವರು ಮುಂಗಾರಿನ ಮೊದಲ ಕೆಲವು ಮಳೆಗಳ ನೀರನ್ನು ಹಿಡಿಯಕೂಡದು; ರಾಶಿಗಳ ಬುಡದ ಬಾವಿಯ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸದೆ ಬಳಸಕೂಡದು. ಒದ್ದೆ ಲಡಿಗಳನ್ನು ಬಯಲಿನಲ್ಲಿ ಒಣಹಾಕದೆ ಒಳಗೇ ನೆರಳಿನಲ್ಲಿ ಹರವಬೇಕು. ಮಗ್ಗದ ಮೇಲಿನ ಹಾಸಿಗೆ, ಕೆಲಸವಿಲ್ಲದ ವೇಳೆಯಲ್ಲಿ, ಒಂದು ಬಟ್ಟೆಯನ್ನು ಮುಚ್ಚಬೇಕು. ಹರಳುಹಿಟ್ಟು ಸೇರಿದ ಎಳೆಯು ಅಚ್ಚಿನಲ್ಲಿ ಉಜ್ಜಿ ಕಡಿಯುತ್ತದೆ.

ರೇಷ್ಮೆಗೆ ಹಳದಿ ಕಟ್ಟುವ ಕ್ರಮ

ಚೆಂಡುಹೂವಿನ ಧಾರಣೆ ಬಿದ್ದು, ರೈತರು ಹೂವನ್ನು ರಸ್ತೆಯ ಬದಿಗೆ ಸುರಿಯುವ ದಿನಗಳು ನಮ್ಮ ಸೀಮೆಗೆ ಹೊಸವಲ್ಲ. ಆ ಹೂವನ್ನು ತಂದು, ದಳಗಳನ್ನು ಬಿಡಿಸಿ, ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಡಬ್ಬದಲ್ಲಿಟ್ಟರೆ ತಿಂಗಳುಗಟ್ಟಲೆ ಬಳಕೆಗೆ ಬರುತ್ತದೆ. ಹೊಲದಲ್ಲಿ ಔಷಧ ಸಿಂಪಡಿಸಿದ ಹೂವಾದರೆ ಬಿಡಿಸುವಾಗ ಕೈಗೆ ಚೀಲವನ್ನು ಹಾಕಿಕೊಳ್ಳಬೇಕು.

ಅಂಟು ತೆಗೆಯುವುದು: ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಪಾಲು ಅಂಟೇ ಆಗಿರುತ್ತದೆ, 500 ಗ್ರಾಂ ಕಚ್ಚಾ ರೇಷ್ಮೆಯಿಂದ ಸುಮಾರು 375 ಗ್ರಾಂ ಮೃದುವಾದ ನೂಲು ಉಳಿಯುವುದು. ಸಡಿಲವಾಗಿ ನಾಲ್ಕು ಕಡೆ ಕಟ್ಟಿದ ಲಡಿಗಳನ್ನು, ನೂಲಿನ ತೂಕದ 30ರಷ್ಟು ಮೆದು ನೀರಿನಲ್ಲಿ, ನೂರಕ್ಕೆ 20ರಿಂದ 25 ಭಾಗ ಕ್ಷಾರ ಕಡಿಮೆಯಾದ ಸಾದಾ ಸೋಪನ್ನು ಕರಗಿಸಿ, ಕುದಿಗೆ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಒಂದರಿಂದ ಒಂದೂವರೆ ಗಂಟೆಯವರೆಗೆ ಇಡಬೇಕು. ಬಳಿಕ ಬಿಸಿ ನೀರಿನಲ್ಲಿ ಒಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ ಜಾಲಿಸಬೇಕು. ಹಿಂಡಿ ತಿರುಚಕೂಡದು.

ಪಟಿಕ ಕೊಡುವುದು: ಒಣನೂಲಿನ ನೂರು ಭಾಗಕ್ಕೆ 15 ಭಾಗ, ಎಂದರೆ 375 ಗ್ರಾಂ ನೂಲಿಗೆ ಸುಮಾರು 56 ಗ್ರಾಂ ಪಟಿಕವನ್ನು ಬಿಸಿ ಮೆದು ನೀರಿನಲ್ಲಿ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಒದ್ದೆ ಲಡಿಗಳನ್ನು ಮುಳುಗಿಸಿ ಒಂದು ರಾತ್ರಿ ಬಿಡಬೇಕು. ಈ ನೀರು ತಿಳಿಯಾಗಿಯೇ ಇರಬೇಕು. ಬೆಳ್ಳಗೆ ಕದಡಿದರೆ ನೀರು ಸರಿಯಿಲ್ಲವೆಂದು ತಿಳಿದು, ನೂಲನ್ನು ಹಾಕದೆ ಅಲ್ಲಿಗೇ ನಿಲ್ಲಿಸುವುದು. ಆ ದಿನದ ನಷ್ಟವು ಒಂದು ಹಿಡಿ ಪಟಿಕ ಮಾತ್ರ.

ಬಣ್ಣ ಕಟ್ಟುವುದು: ನೂಲಿನಷ್ಟೇ ತೂಕದ ಒಣ ದಳಗಳನ್ನು ಮುಕ್ಕಾಲು ಗಂಟೆ ಕುದಿಸಿ ಸೋಸಬೇಕು. ಕಷಾಯವು ಆರಿದ ಮೇಲೆ, ಪಟಿಕದ ನೀರಿನಿಂದ ತೆಗೆದು ಒಮ್ಮೆ ಜಾಲಿಸಿದ ಲಡಿಗಳನ್ನು ಇಳಿಬಿಟ್ಟು, ಮೆಲ್ಲನೆ ಬಿಸಿಯನ್ನು ಏರಿಸುತ್ತ, ಒಂದು ಗಂಟೆಯ ಕಾಲ ಲಡಿಗಳನ್ನು ತಿರುಗಿಸುತ್ತಿರಬೇಕು. ಬಿಸಿಯು 85 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ರೇಷ್ಮೆಯ ಹೊಳಪು ಕುಂದುತ್ತದೆ. ಅದೇ ನೀರಿನಲ್ಲಿಯೇ ಆರಲು ಬಿಟ್ಟು, ಅನಂತರ ನೀರು ತಿಳಿಯಾಗುವವರೆಗೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಉಳಿದ ಕಷಾಯದಲ್ಲಿ ಇನ್ನೊಂದು ಲಡಿಗೆ ತಿಳಿಹಳದಿ ಬರುತ್ತದೆ. ಹೊಕ್ಕಿಗೆ ಅದನ್ನು ಬಳಸಿದರೆ ಅಂದವುಂಟು.

ಪಾತ್ರೆಯು ತುಕ್ಕುಹಿಡಿಯದ ಉಕ್ಕಿನದಾಗಲಿ, ಒಡಕಿಲ್ಲದ ಎನಾಮಲಿನದಾಗಲಿ ಇರಬೇಕು. ಕಬ್ಬಿಣದ ಬಾಣಲೆಯೂ ತಾಮ್ರದ ಹಂಡೆಯೂ ಬಣ್ಣವನ್ನು ಬದಲಾಯಿಸುತ್ತವೆ. ಬಣ್ಣದ ಪಾತ್ರೆಯು ಮತ್ತೆ ಅಡಿಗೆಯ ಮನೆಗೆ ಹೋಗಕೂಡದು.

ಹತ್ತಿಯ ನೂಲಾದರೆ

ಹತ್ತಿಯು ಪಟಿಕವನ್ನು ರೇಷ್ಮೆಯಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಆದುದರಿಂದ ಸೋಡಾ ನೀರಿನಲ್ಲಿ ಕುದಿಸಿ ತೊಳೆದ ನೂಲನ್ನು, ಮೊದಲು ಅದರ ನೂರು ಭಾಗಕ್ಕೆ 20 ಭಾಗ ಅಳಲೆಕಾಯಿಯ ಪುಡಿಯ ಕಷಾಯದಲ್ಲಿ ಒಂದು ರಾತ್ರಿ ನೆನೆಯಿಸಿ, ಹಿಂಡಿ, ಒಣಗಿಸಿ, ಬಳಿಕ ಪಟಿಕವನ್ನು ಕೊಡಬೇಕು. ದಾಳಿಂಬೆಯ ಸಿಪ್ಪೆಯಲ್ಲಿ ಅಳಲೆಕಾಯಿಯ ಈ ಗುಣವು ಸ್ವತಃ ಇರುವುದರಿಂದ ಹತ್ತಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಹಳದಿ ಛಾಯೆಯನ್ನು ಕೊಡುವುದು. ಅನ್ನಭೇದಿಯನ್ನು ಅತಿ ಸ್ವಲ್ಪ ಸೇರಿಸಿದರೆ ಬೂದುಬಣ್ಣವಾಗುತ್ತದೆ. ಹೆಚ್ಚಾದರೆ ಎಳೆಯ ಬಲವು ಕುಂದುತ್ತದೆ. ಅರಿಸಿನದ ಹಳದಿ ಕಣ್ಣಿಗೆ ಸೊಗಸಾಗಿದ್ದರೂ ಬಿಸಿಲಿಗೆ ಬೇಗನೆ ಮಾಸುವುದರಿಂದ ಮಾರಾಟದ ಬಟ್ಟೆಗೆ ಅದನ್ನು ನಾನು ಸೂಚಿಸಲಾರೆನು.

ಮೊದಲನೆಯ ನೆಯ್ಗೆಗೆ ಸೀರೆಯನ್ನು ಹಿಡಿಯದೆ ಅಂಗವಸ್ತ್ರವನ್ನು ಹಿಡಿಯುವುದು ಮೇಲು. 50 ಸೆಂಟಿಮೀಟರು ಅಗಲ, 2 ಮೀಟರು ಉದ್ದದ ವಸ್ತ್ರಕ್ಕೆ, ಸೆಂಟಿಮೀಟರಿಗೆ 20 ಎಳೆಗಳಂತೆ 1,000 ಎಳೆಗಳ ಹಾಸು ಬೇಕು. ಮಗ್ಗಕ್ಕೆ ಕಟ್ಟುವ ಕೊನೆಗಳೂ ಸೇರಿ ಒಂದೊಂದು ಎಳೆಯು ಎರಡೂವರೆ ಮೀಟರಾದರೆ ಹಾಸಿಗೆ 2,500 ಮೀಟರು, ಹೊಕ್ಕಿಗೆ ಸುಮಾರು 2,200 ಮೀಟರು. ಎರಡೆಳೆ ಹೊಸೆದ 40ನೆಯ ನಂಬರಿನ ಹತ್ತಿ ನೂಲಿನಲ್ಲಿ ಇದು, ಹಾಳಾಗುವ ಚೂರುಗಳೂ ಸೇರಿ, 150 ಗ್ರಾಂ ಆಗುವುದು. ಒಂದು ಸಲಕ್ಕೆ ನಾಲ್ಕೂವರೆ ಲೀಟರು ನೀರು ಸಾಕು. ತಪ್ಪಿದರೂ ತಡೆದುಕೊಳ್ಳಬಹುದು. ಒಂದು ವಸ್ತ್ರಕ್ಕೆ ಬೇಕಾದ ಒಂದೇ ಬಣ್ಣದ ನೂಲೆಲ್ಲವನ್ನೂ ಒಂದೇ ಸಲ ಅದ್ದಬೇಕು. ಎರಡು ಸಲ ಅದ್ದಿದರೆ ಬಟ್ಟೆಯಲ್ಲಿ ಪಟ್ಟೆ ಕಾಣುವುದು ಖಂಡಿತ.

ಮಾರುವ ಮೊದಲಿನ ಪರೀಕ್ಷೆ

ಒದ್ದೆ ಮಾಡಿದ ಬಿಳಿಯ ಬಟ್ಟೆಯಿಂದ ಬಣ್ಣದ ನೂಲನ್ನು ಇಪ್ಪತ್ತು ಸಲ ಉಜ್ಜಿರಿ. ಬಿಳಿಯ ನೂಲಿನೊಡನೆ ಹೆಣೆದು ಸೋಪಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿರಿ. ಅರ್ಧ ಭಾಗಕ್ಕೆ ದಪ್ಪ ಕಾಗದವನ್ನು ಮುಚ್ಚಿ ಒಂದು ವಾರ ಬಿಸಿಲಿನಲ್ಲಿಡಿರಿ. ಇವನ್ನು ನೇಯುವುದಕ್ಕೆ ಮುಂಚೆಯೇ ಮಾಡತಕ್ಕದ್ದು. ಒಂದು ಪುಸ್ತಕದಲ್ಲಿ ದಿನ, ನೀರು ತಂದ ಸ್ಥಳ, ತೂಕಗಳು ಇವನ್ನು ಬರೆದು, ಪಕ್ಕದಲ್ಲಿ ನೂಲಿನ ಚೂರನ್ನು ಅಂಟಿಸಿದರೆ, ಅದೇ ಬಣ್ಣವನ್ನು ಮತ್ತೊಮ್ಮೆ ತರಲು ಅದೇ ಗುರು. ಗಿರಾಕಿಗಳಿಗೆ ಬಣ್ಣದ ಗುಣವನ್ನೂ ದೋಷವನ್ನೂ ಇದ್ದಂತೆ ತಿಳಿಸಿ, ನೆರಳಿನಲ್ಲಿ ಒಣಗಿಸುವಂತೆಯೂ ಅಂಟುವಾಳದ ನೀರಿನಲ್ಲಿ ಒಗೆಯುವಂತೆಯೂ ಹೇಳಬೇಕು. ಅಂಟುವಾಳದ ನೊರೆಯನ್ನು ಗಡಸು ನೀರು ಕೆಡಿಸದು.

ಉಳಿದ ನೀರಿನ ಗತಿ

ಬಂಗಾರಪೇಟೆ ಸೀಮೆಯ ನೀರಿನಲ್ಲಿ ಬಹುಭಾಗ ಹರಿಯುವುದು ಪಾಲಾರಿನ ಕಡೆಗೆ. ಆ ನದಿಗೆ ಕಟ್ಟಿದ ಬೇತಮಂಗಲದ ಕೆರೆಯ ನೀರೇ ಗಣಿಯ ಊರಿಗೆ ಕುಡಿಯಲು ಹೋಗುತ್ತಿತ್ತು. ಅದೇ ಪಾಲಾರಿನ ಕೆಳಭಾಗದಲ್ಲಿ, ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳೆ ಸೇರಿ ಬಾವಿಗಳೂ ಹೊಲಗಳೂ ಕೆಟ್ಟ ವಿಷಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಪಾಯಿತು. ಮನೆಯ ಕಸುಬು ಸಣ್ಣದಾದರೂ ನೀರಿನ ವಿಷಯದಲ್ಲಿ ಧರ್ಮವೊಂದೇ. ಮೈಲುತುತ್ತವನ್ನೂ ಕ್ರೋಮಿಯಮ್ಮಿನ ಲವಣಗಳನ್ನೂ ಮನೆಯ ಬಣ್ಣದ ಕೆಲಸಕ್ಕೆ ಬಳಸಲೇಕೂಡದು. ಉಳಿದ ಪಟಿಕದ ನೀರನ್ನು ಮುಂದಿನ ಲಡಿಗೆ ಉಪಯೋಗಿಸಿ, ಕಡೆಗೆ ಅದಕ್ಕೆ ಸ್ವಲ್ಪ ಸುಣ್ಣವನ್ನು ಸೇರಿಸಿ, ಗಸಿಯು ಇಳಿದ ಮೇಲೆ ಬಾವಿಗೆ ದೂರವಾದ ಮರಳಿನ ಇಂಗುಗುಂಡಿಗೆ ಬಿಡಬೇಕು. ಹೂವಿನ ಚರಟವು ತಿಪ್ಪೆಗೆ ಗೊಬ್ಬರವಾಗುತ್ತದೆ.

ಆ ತಾಯಿ ಮಗಳು ಮಾರನೆಯ ಮುಂಗಾರಿನಲ್ಲಿ ಎರಡು ಪೀಪಾಯಿ ಮಳೆಯ ನೀರನ್ನು ಹಿಡಿದು, ಮೊದಲು ಒಂದು ಅಂಗವಸ್ತ್ರದಷ್ಟೇ ನೂಲಿಗೆ ಬಣ್ಣ ಕಟ್ಟಿದರು. ಬಿಳಿಯ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಯು ಬಿಳಿಯಾಗಿಯೇ ಉಳಿಯಿತು. ಹಿಂದಕ್ಕೆ ಬಂದ ಸೀರೆಗಳಲ್ಲಿ ಒಂದನ್ನು ಅವರು ಈಗಲೂ ಇಟ್ಟುಕೊಂಡಿದ್ದಾರೆ. ಕಲಿಯಲು ಬರುವ ಹೆಂಗಸರಿಗೆ ಮೊದಲು ಅದನ್ನು ತೋರಿಸುತ್ತಾರೆ. ಬಿತ್ತುವ ಮೊದಲು ಮಣ್ಣನ್ನು ನೋಡುವ ರೈತರು, ಬಣ್ಣ ಕಟ್ಟುವ ಮೊದಲು ನೀರನ್ನು ನೋಡುವುದನ್ನು ರೂಢಿಮಾಡಿಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.